ನದಿ ಮೇಲಕ್ಕೆ ಹರಿಯುತ್ತಾ ಅಂತ ಕೇಳಿದ ಹುಡುಗಿಗೆ ಮ್ಯಾಪು ಯಾಕೆ ತಲೆಗೆ ಹತ್ತುತ್ತಿಲ್ಲ?

ಪ್ರಶ್ನೆ: ನಮಸ್ತೆ ಸರ್. ನಾವು ಶಿಡ್ಲಘಟ್ಟದವರು, ನಮ್ಮನೆಯವರು ರೇಷ್ಮೆ ರೀಲಿಂಗ್ ಮಾಡ್ತಾರೆ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಲೆಕ್ಕ, ವಿಜ್ಞಾನ ಎಲ್ಲಾ ಚೆನ್ನಾಗೇ ಮಾಡ್ತಾಳೆ, ಸಮಾಜದಲ್ಲಿ ಭೂಗೋಳ ಬಂದ್ರೆ ಮಾತ್ರ ಅಳೋ ಹಾಗಾಗ್ತಾಳೆ. ಅಕ್ಷಾಂಶ ರೇಖಾಂಶ ಬಾಯಿಪಾಠ ಹೇಳ್ತಾಳೆ, ಆದ್ರೆ ಮ್ಯಾಪಲ್ಲಿ ಗುರುತು ಮಾಡು ಅಂದ್ರೆ ಅದಲು ಬದಲು. ದೊಡ್ಡ ಪ್ರಮಾಣದ ನಕ್ಷೆ, ಚಿಕ್ಕ ಪ್ರಮಾಣದ ನಕ್ಷೆ ಯಾವಾಗ್ಲೂ ಉಲ್ಟಾ ಬರೀತಾಳೆ. ಮೊನ್ನೆ "ಉತ್ತರ ಪಿನಾಕಿನಿ ಮ್ಯಾಪಲ್ಲಿ ಮೇಲಕ್ಕೆ ಹೋಗಿದೆ, ನದಿ ಮೇಲಕ್ಕೆ ಹರಿಯುತ್ತಾ ಅಮ್ಮ" ಅಂದ್ಲು, ನಂಗೂ ಉತ್ತರ ಗೊತ್ತಾಗಲಿಲ್ಲ. ಟ್ಯೂಷನ್ನವರು ನೋಟ್ಸ್ ಕೊಡ್ತೀವಿ ಸಾಕು ಅಂತಾರೆ, ನನ್ನ ತಮ್ಮ ಫೋನಲ್ಲಿ ಮ್ಯಾಪ್ ಇರೋವಾಗ ಇದೆಲ್ಲ ಯಾಕಕ್ಕ ಅಂತಾನೆ. ಇವಳಿಗೆ ಈ ಸಬ್ಜೆಕ್ಟೇ ಆಗಿ ಬರಲ್ವಾ? ಮುಂದೆ ಪಿಯುನಲ್ಲಿ ಭೂಗೋಳ ಇರೋ ಕಾಂಬಿನೇಷನ್ ತಗೋಬಾರ್ದಾ?

ಉತ್ತರ: ನೋಡಿಮ್ಮ, ಮೊದಲು ಧೈರ್ಯ ತಗೊಳ್ಳಿ. ನದಿ ಮೇಲಕ್ಕೆ ಹರಿಯುತ್ತಾ ಅಂತ ಕೇಳೋ ಮಗು ಮ್ಯಾಪನ್ನ ನಿಜವಾಗ್ಲೂ ನೋಡಿದೆ ಅಂತ ಅರ್ಥ. ತುಮಕೂರಲ್ಲಿ ಪಿಯು ಮಕ್ಕಳಿಗೆ ಭೂಗೋಳ ಪ್ರಾಕ್ಟಿಕಲ್ ವರ್ಷಗಟ್ಟಲೆ ಮಾಡಿಸಿದೀನಿ, ಫಸ್ಟ್ ಕ್ಲಾಸಲ್ಲಿ ಪಾಸಾಗಿ ಬಂದಿರೋ ಹುಡುಗ್ರಲ್ಲೇ ಎಷ್ಟೋ ಜನಕ್ಕೆ ಈ ಅನುಮಾನ ಒಳಗೆ ಇರುತ್ತೆ, ಬಾಯಿ ಬಿಟ್ಟು ಕೇಳೋರು ಕಮ್ಮಿ. ನಿಮ್ಮ ಮಗಳ ತೊಂದರೆ ಬುದ್ಧಿದಲ್ಲ, ಕ್ರಮದ್ದು. ಕಣ್ಣಿಗೆ ಕಾಣೋ ಜಾಗ ಬರೋದಕ್ಕೆ ಮುಂಚೆನೇ ಪದಗಳು ಬಂದ್ಬಿಟ್ಟಿವೆ, ಅದೂ ಇಡೀ ಭಾರತದ ಮ್ಯಾಪಿಂದ ಶುರುವಾಗಿ. ಅವಳ ಊರಿನ ಮ್ಯಾಪಿಂದ ಶುರು ಮಾಡಿದ್ರೆ ಇದೇ ಪದಗಳು ಒಂದೊಂದಾಗಿ ಕೂರ್ತವೆ. ಹೇಗೆ ಅಂತ ಹೇಳ್ತೀನಿ.

ನದಿ ವಿಷಯನೇ ಮೊದಲು. ಮ್ಯಾಪ್‌ನ ಗೋಡೆಗೆ ನೇತು ಹಾಕ್ತೀವಿ, ಉತ್ತರ ದಿಕ್ಕು ಮೇಲ್ಗಡೆ ಬರುತ್ತೆ, ಮಕ್ಕಳು ಉತ್ತರ ಅಂದ್ರೆ ಮೇಲೆ ಅಂತ ಹಿಡ್ಕೋತಾರೆ, ಅಲ್ಲಿಂದ ಉತ್ತರ ಅಂದ್ರೆ ಎತ್ತರ ಅನ್ನೋದು ಒಂದೇ ಹೆಜ್ಜೆ. ನಂದಿ ಬೆಟ್ಟದ ಸಾಲಲ್ಲಿ ಹುಟ್ಟೋ ಉತ್ತರ ಪಿನಾಕಿನಿ ಗೌರಿಬಿದನೂರು ಕಡೆ ಹೋಗಿ ಆಂಧ್ರಕ್ಕೆ ಇಳಿಯುತ್ತೆ. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗೌರಿಬಿದನೂರು ಸುಮಾರು 700, ಹಾಗಾಗಿ ಅಲ್ಲಿ ಉತ್ತರಕ್ಕೆ ಹೋಗೋದು ಅಂದ್ರೇನೇ ಇಳಿಜಾರು. ಅದೇ ಬೆಟ್ಟದ ಸಾಲಿಂದ ದಕ್ಷಿಣ ಪಿನಾಕಿನಿ ಹೊಸಕೋಟೆ ಮೇಲೆ ತಮಿಳುನಾಡಿಗೆ ಹೋಗುತ್ತೆ, ಅರ್ಕಾವತಿ ಇನ್ನೊಂದು ಕಡೆ ಇಳಿದು ಕಾವೇರಿ ಸೇರುತ್ತೆ. ನಮ್ಮ ತುಮಕೂರಿನ ದೇವರಾಯನದುರ್ಗದಲ್ಲೂ ಹೀಗೇನೇ, ಜಯಮಂಗಲಿ ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿಗೆ ಸೇರುತ್ತೆ, ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿಗೆ ಸೇರುತ್ತೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ ಎರಡು ಭಾಗ ಆಗೋ ಆ ಏಣು ಇದ್ಯಲ್ಲ, ಪುಸ್ತಕದಲ್ಲಿ ಜಲವಿಭಾಜಕ ಅಂತ ಬರೆದಿರೋದು ಅದನ್ನೇ. ಈಗ ಮಗಳಿಗೆ ಒಂದು ಕೆಲಸ ಮಾಡಿಸಿ, ಮ್ಯಾಪನ್ನ ಗೋಡೆಯಿಂದ ತೆಗೆದು ನೆಲದ ಮೇಲೆ ಹಾಸಿ, ಮ್ಯಾಪಿನ ಉತ್ತರ ನಿಜವಾದ ಉತ್ತರಕ್ಕೆ ಬರೋ ಹಾಗೆ ತಿರುಗಿಸಿ. ಆಗ ಮೇಲೆ ಕೆಳಗೆ ಅನ್ನೋ ಮಾತೇ ಬರಲ್ಲ, ಆ ಕಡೆ ಈ ಕಡೆ ಅಂತಾಳೆ.

ಉತ್ತರ ಯಾವುದು ಅಂತ ಗೊತ್ತು ಮಾಡ್ಕೊಳ್ಳೋಕೆ ನಿಮ್ಮೂರಲ್ಲಿ ಒಳ್ಳೆ ಅನುಕೂಲ ಇದೆ. ಶಿಡ್ಲಘಟ್ಟದಿಂದ ನಂದಿ ಬೆಟ್ಟ ಹೆಚ್ಚು ಕಮ್ಮಿ ನೇರ ಪಶ್ಚಿಮಕ್ಕಿದೆ, ಸ್ವಲ್ಪವೇ ಸ್ವಲ್ಪ ದಕ್ಷಿಣಕ್ಕೆ ವಾಲುತ್ತೆ, ಗೆರೆ ಎಳೆದ್ರೆ 20 ಕಿಲೋಮೀಟರ್ ಆಸುಪಾಸು. ಮನೆ ಮಾಳಿಗೆ ಮೇಲೆ ನಿಂತು ನಂದಿ ಕಡೆ ಮುಖ ಮಾಡಿದ್ರೆ ಬಲಗೈ ಉತ್ತರ. ಸೂರ್ಯನ್ನ ನೋಡಿ ಹೇಳ್ತೀವಿ ಅನ್ನೋರು ಒಂದು ಎಚ್ಚರಿಕೆ ಇಟ್ಕೋಬೇಕು, ಸೂರ್ಯ ಸರಿಯಾಗಿ ಪೂರ್ವಕ್ಕೆ ಹುಟ್ಟಿ ಸರಿಯಾಗಿ ಪಶ್ಚಿಮಕ್ಕೆ ಮುಳುಗೋದು ಮಾರ್ಚ್ 21, ಸೆಪ್ಟೆಂಬರ್ 23ರ ಆಸುಪಾಸಲ್ಲಿ ಮಾತ್ರ. ಜೂನ್ ಕೊನೇಲಿ ನಮ್ಮ ಕಡೆ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದಿರ್ತಾನೆ, ಡಿಸೆಂಬರಲ್ಲಿ ಅಷ್ಟೇ ದಕ್ಷಿಣಕ್ಕೆ. ಮಧ್ಯಾಹ್ನದ ನೆರಳು ಯಾವಾಗ್ಲೂ ಉತ್ತರಕ್ಕೆ ಬೀಳುತ್ತೆ ಅಂತ ಕೆಲವು ಗೈಡುಗಳಲ್ಲಿ ಬರೆದಿರ್ತಾರೆ, ನಮ್ಮ ಜಿಲ್ಲೆಗಳಿಗೆ ಅದು ಸರಿಹೋಗಲ್ಲ. ನಾವು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ತುಂಬಾ ದಕ್ಷಿಣಕ್ಕಿದೀವಿ, ಏಪ್ರಿಲ್ ಕೊನೆ ವಾರದಿಂದ ಆಗಸ್ಟ್ ಮಧ್ಯದವರೆಗೂ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ಮೇ ತಿಂಗಳಲ್ಲಿ ಒಂದ್ಸಲ, ದಸರಾ ರಜದಲ್ಲಿ ಒಂದ್ಸಲ ನೋಡಲಿ, ಮರೆಯೋಕೆ ಆಗಲ್ಲ. ಕಂಪಾಸು ತೋರಿಸೋ ಉತ್ತರಕ್ಕೂ ನಿಜ ಉತ್ತರಕ್ಕೂ ವ್ಯತ್ಯಾಸ ಇದೆ, ಆದ್ರೆ ನಮ್ಮ ಕಡೆ ಅದು ಎರಡು ಡಿಗ್ರಿ ಒಳಗೇ, ಶಾಲೆ ಮಟ್ಟಕ್ಕೆ ಚಿಂತೆ ಬೇಡ.

ಇನ್ನು ಪ್ರಮಾಣ, ಅಂದ್ರೆ ನೆಲದ ಮೇಲಿನ ದೂರನ ಮ್ಯಾಪಲ್ಲಿ ಎಷ್ಟು ಕುಗ್ಗಿಸಿದಾರೆ ಅನ್ನೋದು. ನನ್ನ ಪ್ರಕಾರ ಎಲ್ಲಾ ಗೊಂದಲದ ಬೇರು ಇಲ್ಲೇ ಇರೋದು, ಇದೊಂದು ಸರಿಹೋದ್ರೆ ಅರ್ಧ ಭೂಗೋಳ ಸರಿಹೋಗುತ್ತೆ. ಮಕ್ಕಳು ದೊಡ್ಡ ಪ್ರಮಾಣ ಅಂದ್ರೆ ದೊಡ್ಡ ಜಾಗ ತೋರಿಸೋ ಮ್ಯಾಪ್ ಅಂತ ತಿಳ್ಕೋತಾರೆ, ಇರೋದು ಉಲ್ಟಾ. ನಿಮ್ಮ ಮಗಳು ಲೆಕ್ಕದಲ್ಲಿ ಚೆನ್ನಾಗಿದ್ದಾಳೆ ಅಂದ್ರಲ್ಲ, ಅವಳಿಗೆ ಭಿನ್ನರಾಶಿಯಲ್ಲೇ ಹೇಳಿ. 1:50,000 ಅಂದ್ರೆ ಐವತ್ತು ಸಾವಿರದಲ್ಲಿ ಒಂದು ಭಾಗ. ಪುಸ್ತಕದ ಒಂದು ಪುಟದಲ್ಲಿ ಕೂರಿಸಿರೋ ಭಾರತದ ಮ್ಯಾಪು ಸುಮಾರು ಎರಡು ಕೋಟಿಯಲ್ಲಿ ಒಂದು ಭಾಗ. ಎರಡರಲ್ಲಿ ಯಾವ ಭಿನ್ನರಾಶಿ ದೊಡ್ಡದು? ಐವತ್ತು ಸಾವಿರದ್ದು. ಅದೇ ದೊಡ್ಡ ಪ್ರಮಾಣ, ಅಷ್ಟೇ.

ಆಮೇಲೆ ಅದನ್ನ ಮನೆಯಿಂದ ನಂದಿಗೆ ಇರೋ ಆ 20 ಕಿಲೋಮೀಟರ್ ಮೇಲೆ ಹಾಕಿ ನೋಡಿಸಿ. ಭಾರತ ಉತ್ತರ ದಕ್ಷಿಣ 3,214 ಕಿಲೋಮೀಟರ್, ಪುಸ್ತಕದ ಪುಟದಲ್ಲಿ ಅದು ಒಂದು 16 ಸೆಂಟಿಮೀಟರ್ ಬಂದ್ರೆ ಒಂದು ಸೆಂಟಿಮೀಟರಿಗೆ 200 ಕಿಲೋಮೀಟರ್, ಅಂದ್ರೆ ಶಿಡ್ಲಘಟ್ಟದಿಂದ ನಂದಿಗೆ ಒಂದೇ ಮಿಲಿಮೀಟರ್! ಪೆನ್ಸಿಲ್ ಮೊನೆ ಸ್ವಲ್ಪ ಮೊಂಡಾಗಿದ್ರೆ ಎರಡೂ ಊರು ಒಂದೇ ಚುಕ್ಕೀಲಿ ಮುಚ್ಚೋಗ್ತವೆ. 1:50,000ದ ಟೋಪೋಶೀಟಲ್ಲಿ, ಅಂದ್ರೆ ಬೆಟ್ಟ, ಕೆರೆ, ಊರು, ರಸ್ತೆ ಎಲ್ಲಾ ವಿವರವಾಗಿ ತೋರಿಸೋ ಸರ್ವೆ ಮ್ಯಾಪಲ್ಲಿ, ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್, ಅಲ್ಲಿ ಅದೇ ದೂರ 40 ಸೆಂಟಿಮೀಟರ್. ನಮ್ಮ ರೆವಿನ್ಯೂ ಇಲಾಖೆಯ ಗ್ರಾಮ ನಕ್ಷೆ ಇದ್ಯಲ್ಲ, ಸರ್ವೆ ನಂಬರ್ ಎಲ್ಲಾ ಇರೋದು, ಅದರ ಪ್ರಮಾಣ 1:7,920. ಇದೆಂಥ ವಿಚಿತ್ರ ಸಂಖ್ಯೆ ಅನ್ಸುತ್ತೆ, ಆದ್ರೆ ಅದು ಹಳೇ ಸರಪಳಿ ಅಳತೆ, 66 ಅಡಿಯ ಹತ್ತು ಸರಪಳಿ ಅಂದ್ರೆ 660 ಅಡಿ, ಅಂದ್ರೆ 7,920 ಇಂಚು, ಮ್ಯಾಪಲ್ಲಿ ಅದಕ್ಕೆ ಒಂದು ಇಂಚು. ಆ ಪ್ರಮಾಣದಲ್ಲಿ ನಂದಿ ತನಕ ಕಾಗದ ಅಂಟಿಸ್ತಾ ಹೋದ್ರೆ ಎರಡೂವರೆ ಮೀಟರ್ ಬೇಕು. ಮೂರು ಉದ್ದಗಳನ್ನೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೀಲಿ, ಒಂದು ಮಿಲಿಮೀಟರು, ಒಂದು ಮೊಳಕ್ಕಿಂತ ಕಮ್ಮಿ, ಎರಡೂವರೆ ಮೀಟರು. ಇದು ಮಾಡಿದ ಮಗು ದೊಡ್ಡ ಚಿಕ್ಕ ಪ್ರಮಾಣ ಮತ್ತೆ ಉಲ್ಟಾ ಬರೆದಿದ್ದನ್ನ ನಾನು ನೋಡಿಲ್ಲ.

ಇಲ್ಲೊಂದು ಜೆರಾಕ್ಸ್ ಸಮಸ್ಯೆ ಇದೆ, ಟ್ಯೂಷನ್ ನೋಟ್ಸಲ್ಲೂ ಲ್ಯಾಬ್ ರೆಕಾರ್ಡಲ್ಲೂ ಸಾಮಾನ್ಯ. ಮ್ಯಾಪನ್ನ ಎಫೋರ್ ಶೀಟಿಗೆ ಕುಗ್ಗಿಸಿ ಪ್ರಿಂಟ್ ಹಾಕ್ತಾರೆ, ಮೂಲೇಲಿ 1:50,000 ಅಂತ ಹಾಗೇ ಇರುತ್ತೆ, ಮಕ್ಕಳು ಸ್ಕೇಲಿಟ್ಟು ಅಳೆದು ಅರ್ಧಕ್ಕರ್ಧ ತಪ್ಪು ದೂರ ಬರೀತಾರೆ. ಪೂರ್ತಿ ಟೋಪೋಶೀಟು ಉದ್ದಕ್ಕೆ ಸುಮಾರು 55 ಸೆಂಟಿಮೀಟರ್ ಇರುತ್ತೆ, ಎಫೋರಿಗೆ ಬಂದ್ರೆ ಅರ್ಧದಷ್ಟಾಯ್ತು, ಪ್ರಮಾಣ ಹತ್ತಿರ ಹತ್ತಿರ ಒಂದು ಲಕ್ಷಕ್ಕೆ ಹೋಯ್ತು. ಆದ್ರೆ ಮ್ಯಾಪಿನ ಕೆಳಗೆ ಗೆರೆ ಎಳೆದು ಕಿಲೋಮೀಟರ್ ಗುರುತು ಹಾಕಿರ್ತಾರಲ್ಲ, ರೇಖಾ ಪ್ರಮಾಣ, ಅದು ಮ್ಯಾಪಿನ ಜೊತೆಗೇ ಕುಗ್ಗುತ್ತೆ, ಹಾಗಾಗಿ ಅದು ಸುಳ್ಳು ಹೇಳಲ್ಲ. ಪ್ರಿಂಟ್ ತೆಗೆದ ಮ್ಯಾಪಲ್ಲಿ ಯಾವಾಗ್ಲೂ ಆ ಗೆರೆ ಇಟ್ಟೇ ಅಳೀಬೇಕು.

ಅಕ್ಷಾಂಶ ರೇಖಾಂಶ ಅದಲು ಬದಲು ಆಗೋಕೆ ನಿಜವಾದ ಕಾರಣ ಇದೆ. ಅಕ್ಷಾಂಶದ ಗೆರೆ ಎಳೆಯೋದು ಪೂರ್ವ ಪಶ್ಚಿಮವಾಗಿ, ಆದ್ರೆ ಅದು ಹೇಳೋದು ಸಮಭಾಜಕ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಅಂತ. ರೇಖಾಂಶದ ಗೆರೆ ಉತ್ತರ ದಕ್ಷಿಣವಾಗಿ ಹೋಗುತ್ತೆ, ಹೇಳೋದು ಪೂರ್ವ ಪಶ್ಚಿಮ. ಗೆರೆ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ, ಮಗು ಗೆರೆ ನೋಡಿ ಉತ್ತರ ಬರೆಯುತ್ತೆ, ತಪ್ಪಾಗುತ್ತೆ. ಅಡ್ಡ ಗೆರೆ ಉದ್ದ ಗೆರೆ ಅಂತ ಬಾಯಿಪಾಠ ಮಾಡಿಸೋದು ಬಿಟ್ಟು ಊರು ಇಟ್ಕೊಂಡು ಹೇಳಿ. ತುಮಕೂರು, ನಂದಿ, ಶಿಡ್ಲಘಟ್ಟ ಮೂರೂ 13 ಡಿಗ್ರಿ 20 ನಿಮಿಷದ ಆಸುಪಾಸಲ್ಲೇ ಇವೆ (ಇಲ್ಲಿ ನಿಮಿಷ ಅಂದ್ರೆ ಗಡಿಯಾರದ್ದಲ್ಲ, ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ), ಅಂದ್ರೆ ಅಕ್ಷಾಂಶ ಹೆಚ್ಚು ಕಮ್ಮಿ ಒಂದೇ, ರೇಖಾಂಶ ಮಾತ್ರ 77 ಡಿಗ್ರಿ 6 ನಿಮಿಷ, 41 ನಿಮಿಷ, 52 ನಿಮಿಷ ಅಂತ ಪೂರ್ವಕ್ಕೆ ಹೋದಂಗೆ ಏರುತ್ತೆ. ಬಾಗೇಪಲ್ಲಿ ಕಡೆ ಬಸ್ ಹತ್ತಿದ್ರೆ ಏರೋದು ಅಕ್ಷಾಂಶ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್, ಒಂದು ಡಿಗ್ರಿ ರೇಖಾಂಶ ನಮ್ಮ ಕಡೆ ಸುಮಾರು 108. ಗೆರೆಗಳು ಧ್ರುವದ ಕಡೆ ಹೋದಂಗೆ ಹತ್ತಿರ ಆಗೋದ್ರಿಂದ ಅಷ್ಟು ಕಮ್ಮಿ.

ರೇಖಾಂಶಕ್ಕೆ ಟೈಮು ಗಂಟು ಹಾಕಿರೋದನ್ನೂ ಇಲ್ಲೇ ಹೇಳ್ಬಿಡ್ತೀನಿ. ಭೂಮಿ ಒಂದು ಡಿಗ್ರಿ ತಿರುಗೋಕೆ ನಾಲ್ಕು ನಿಮಿಷ. ನಮ್ಮ ಗಡಿಯಾರ ನಡೆಯೋದು 82½ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಶಿಡ್ಲಘಟ್ಟ ಅದಕ್ಕಿಂತ ಸುಮಾರು 4.6 ಡಿಗ್ರಿ ಪಶ್ಚಿಮಕ್ಕಿದೆ, ಹಾಗಾಗಿ ಅಲ್ಲಿನ ಸೂರ್ಯನ ಲೆಕ್ಕ ಗಡಿಯಾರಕ್ಕಿಂತ ಸುಮಾರು 18 ನಿಮಿಷ ಹಿಂದೆ. ಕೋಲಾರದಲ್ಲಿ ಸೂರ್ಯ ನೆತ್ತಿಗೆ ಬಂದ ನಾಲ್ಕು ನಿಮಿಷ ಆದ್ಮೇಲೆ ತುಮಕೂರಲ್ಲಿ ಬರ್ತಾನೆ.

ನಿಮ್ಮ ತಮ್ಮ ಹೇಳಿದ ಫೋನಿನ ಮಾತಿಗೆ ಬರ್ತೀನಿ. ಫೋನ್ ಮ್ಯಾಪು ಬೇಡ ಅಂತ ನಾನು ಹೇಳಲ್ಲ, ದಾರಿಗೆ ಅದೇ ಸರಿ. ಕಲಿಯೋರಿಗೆ ಅದರಲ್ಲಿ ಮೂರು ತೊಡಕು. ಬೆರಳಲ್ಲಿ ಎಳೆದಂಗೆಲ್ಲ ಪ್ರಮಾಣ ಬದಲಾಗುತ್ತೆ, ಎಷ್ಟು ದೂರ ಅನ್ನೋ ಅಂದಾಜೇ ಹುಟ್ಟಲ್ಲ. ದಾರಿ ತೋರಿಸೋವಾಗ ಮ್ಯಾಪೇ ತಿರುಗುತ್ತೆ, ಉತ್ತರ ಎಲ್ಲೋ ಹೋಗುತ್ತೆ. ಮೂರನೇದು ಪರೀಕ್ಷೇಲಿ ಹೊಡೆತ ಕೊಡೋದು. ಫೋನು ಶಿಡ್ಲಘಟ್ಟಕ್ಕೆ 13.39 ಅಂತ ತೋರಿಸುತ್ತೆ, ಮಕ್ಕಳು ಅದನ್ನ 13 ಡಿಗ್ರಿ 39 ನಿಮಿಷ ಅಂತ ಬರೀತಾರೆ. ಅದು ದಶಮಾಂಶ, 0.39ನ್ನ 60ರಿಂದ ಗುಣಿಸ್ಬೇಕು, 23 ನಿಮಿಷ ಬರುತ್ತೆ. ತಪ್ಪು ಬರೆದ್ರೆ ನಿಮ್ಮೂರು 29 ಕಿಲೋಮೀಟರ್ ಉತ್ತರಕ್ಕೆ ಬಾಗೇಪಲ್ಲಿ ಕಡೆ ಹೋಗ್ಬಿಡುತ್ತೆ. ರೇಖಾಂಶ 77.86ನ್ನ 86 ನಿಮಿಷ ಅಂತ ಬರೆದ್ರಂತೂ ಅಂಥ ಜಾಗವೇ ಇಲ್ಲ, ಯಾಕಂದ್ರೆ ನಿಮಿಷ 60ಕ್ಕೆ ಮುಗಿದು ಮುಂದಿನ ಡಿಗ್ರಿ ಶುರುವಾಗುತ್ತೆ.

ಎತ್ತರದ ವಿಷಯದಲ್ಲೂ ಒಂದು ತಪ್ಪು ತಿಳುವಳಿಕೆ ಓಡಾಡ್ತಿದೆ. ನಂದಿ ಬೆಟ್ಟ 1,478 ಮೀಟರ್ ಅಂದ್ರೆ ಕೆಳಗಿಂದ ಅಷ್ಟು ಹತ್ತಬೇಕು ಅಂತಲ್ಲ, ಅದು ಸಮುದ್ರ ಮಟ್ಟದಿಂದ ಲೆಕ್ಕ. ಬೆಟ್ಟದ ಬುಡನೇ 900 ಚಿಲ್ಲರೆ ಮೀಟರಲ್ಲಿದೆ, ಹತ್ತೋದು ಐನೂರು ಚಿಲ್ಲರೆ. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಲ್ಲಿ ಊರ ಹೆಸರಿನ ಕೆಳಗೆ ಬರೆದಿರ್ತಾರಲ್ಲ, ಅದೂ ಇದೇ ಲೆಕ್ಕ. ಕೆಜಿಎಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು, ನೆಲದ ಮಟ್ಟ ಒಂದು ಕಿಲೋಮೀಟರೂ ಇಲ್ಲ, ಹಾಗಾದ್ರೆ ಗಣಿಯ ತಳ ಸಮುದ್ರ ಮಟ್ಟಕ್ಕಿಂತ ಎಷ್ಟು ಕೆಳಗೆ ಅಂತ ಮಗಳಿಗೆ ಲೆಕ್ಕ ಕೊಡಿ, ಖುಷಿಯಾಗಿ ಮಾಡ್ತಾಳೆ.

ಸಮೋನ್ನತ ರೇಖೆ, ಅಂದ್ರೆ ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ, ಕಾಂಟೂರು, ಒಂಬತ್ತಕ್ಕೆ ಜಾಸ್ತಿ ಬರದೇ ಇರಬಹುದು, ಪಿಯುನಲ್ಲಿ ಅದೇ ಮುಖ್ಯ. ಅದಕ್ಕೆ ನಮ್ಮ ಕೆರೆಗಳೇ ಪಾಠ. ಬೇಸಿಗೇಲಿ ಕೆರೆ ನೀರು ಇಳೀತಾ ಹೋದಂಗೆ ದಡದ ಸುತ್ತ ಒಂದರ ಕೆಳಗೊಂದು ಗೆರೆ ಬಿಟ್ಟಿರುತ್ತೆ. ನಿಂತ ನೀರಿನ ಅಂಚು ಎಲ್ಲಾ ಕಡೆ ಒಂದೇ ಮಟ್ಟ, ಆ ಒಂದೊಂದು ಗೆರೆಯೂ ನಿಜವಾದ ಸಮೋನ್ನತ ರೇಖೆ. ದಡ ಚಪ್ಪಟೆ ಇರೋ ಕಡೆ ಗೆರೆಗಳು ದೂರ ದೂರ, ಏರಿ ಕಡೆ ಕಡಿದಾಗಿರೋದ್ರಿಂದ ಹತ್ತಿರ ಹತ್ತಿರ, ಇದನ್ನ ಒಂದ್ಸಲ ಕಣ್ಣಲ್ಲಿ ನೋಡಿದ್ರೆ ಸಾಕು. ಟೋಪೋಶೀಟಲ್ಲಿ ಇವು ಕಂದು ಬಣ್ಣದಲ್ಲಿರ್ತವೆ, ಸಾಮಾನ್ಯವಾಗಿ 20 ಮೀಟರಿಗೊಂದು. ನಂದಿಗೆ ಬುಡದಿಂದ ತುದಿವರೆಗೂ 28ರ ಸುತ್ತಮುತ್ತ ಗೆರೆ, ಟಿಪ್ಪು ಡ್ರಾಪ್ ಅನ್ನೋ ಕಡಿದಾದ ಬಂಡೆ ಕಡೆ ಒಂದಕ್ಕೊಂದು ಅಂಟಿಕೊಂಡಿರ್ತವೆ. ಗೆರೆ ಮಡಚಿ ಮೊನೆ ಆದಾಗ ಅದು ಹಳ್ಳನೋ ಏಣೋ ಅಂತ ಗೊಂದಲ ಬರುತ್ತೆ, ಮೊನೆ ಎತ್ತರದ ಸಂಖ್ಯೆ ಕಡೆ ತೋರಿಸ್ತಿದ್ರೆ ಹಳ್ಳ, ತಗ್ಗಿನ ಕಡೆ ತೋರಿಸ್ತಿದ್ರೆ ಏಣು.

ಇನ್ನೊಂದು ಸಣ್ಣ ಗುರುತು, ನಂಗೆ ತುಂಬಾ ಇಷ್ಟವಾದದ್ದು. ಕೋಲಾರ ಚಿಕ್ಕಬಳ್ಳಾಪುರದ ಶೀಟುಗಳಲ್ಲಿ ಕೆರೆ ಏರಿ ಪಕ್ಕ 5 ಅಂತ ಬರೆದು ಮುಂದೆ ಇಂಗ್ಲಿಷಿನ ಸಣ್ಣ ಆರ್ ಅಕ್ಷರ ಹಾಕಿರ್ತಾರೆ. ಮಕ್ಕಳು ಏನೇನೋ ಊಹೆ ಮಾಡ್ತಾರೆ. ಅದು ಏರಿ ಅಕ್ಕಪಕ್ಕದ ನೆಲದಿಂದ 5 ಮೀಟರ್ ಎತ್ತರ ಇದೆ ಅಂತ, ಸಮುದ್ರ ಮಟ್ಟದಿಂದಲ್ಲ. ಬಾವಿ ಪಕ್ಕ ಇದ್ರೆ ಆಳ. ಹಾಗೇ ವರ್ಷಪೂರ್ತಿ ನೀರಿರೋದು ನೀಲಿ, ಬತ್ತಿಹೋಗೋ ಹಳ್ಳ ಕಪ್ಪು, ಸಾಗುವಳಿ ಭೂಮಿ ಹಳದಿ, ಊರು ರಸ್ತೆ ಕೆಂಪು. ಸರ್ವೆ ಆದ ವರ್ಷ ಮೂಲೇಲಿ ಬರೆದಿರ್ತಾರೆ, ಅದನ್ನ ಮೊದಲು ಓದಬೇಕು, ಯಾಕಂದ್ರೆ ಅವತ್ತು ಒಣಗಿದ್ದ ಕೆರೆ ಈಗ ತುಂಬಿರಬಹುದು.

ಈಗ ನಿಮ್ಮ ಮುಂದಿರೋ ದಾರಿಗಳು. ಟ್ಯೂಷನ್ ನೋಟ್ಸು ಒಂದು ಮಾರ್ಕಿನ ಪ್ರಶ್ನೆಗಳಿಗೆ ಕೆಲಸಕ್ಕೆ ಬರುತ್ತೆ, ಸುಳ್ಳು ಹೇಳಲ್ಲ, ಆದ್ರೆ ಇವಳಿಗೆ ಈಗಾಗ್ಲೇ ಬಾಯಿಪಾಠ ಇದೆ, ಇರೋದನ್ನೇ ಇನ್ನಷ್ಟು ಕೊಟ್ಟಂಗಾಗುತ್ತೆ, ಭಯ ಜಾಸ್ತಿ ಆಗೋ ಅಪಾಯನೂ ಇದೆ. ಅಟ್ಲಾಸ್ ಕೊಡಿಸಿ, ಆದ್ರೆ ಮನೇಲಿ ಯಾರೋ ಬಿಟ್ಟುಹೋದ ಹಳೇದು ಬೇಡ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ, ಅದಕ್ಕೆ ಮುಂಚಿನದ್ರಲ್ಲಿ ನಿಮ್ಮೂರು ಕೋಲಾರ ಜಿಲ್ಲೇಲಿರುತ್ತೆ, 2014ರ ತೆಲಂಗಾಣನೂ ಇರಲ್ಲ. ಹಾಗಂತ ಮ್ಯಾಪಲ್ಲಿ ವಿಚಿತ್ರ ಕಂಡಿದ್ದೆಲ್ಲ ಪ್ರಿಂಟಿನ ತಪ್ಪೂ ಅಲ್ಲ, ನಮ್ಮ ಪಾವಗಡ ಜಿಲ್ಲೆಯ ಉಳಿದ ಭಾಗಕ್ಕೆ ಅಂಟದೇ ದೂರ ಬೇರೆಯಾಗಿ ಕಾಣುತ್ತೆ, ಅದು ನಿಜವಾಗ್ಲೂ ಹಾಗೇ ಇರೋದು.

ನಾನಾದ್ರೆ ಹೇಳೋದು ಟೋಪೋಶೀಟು. ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗಿ ಓಪನ್ ಸೀರೀಸ್ ಮ್ಯಾಪ್, ಅಂದ್ರೆ ಸಾರ್ವಜನಿಕರಿಗೆ ಕೊಡೋ ಟೋಪೋಶೀಟು, ತಗೋಬಹುದು, ಬೆಂಗಳೂರಿನ ಕೋರಮಂಗಲದಲ್ಲಿ ಅವರ ಆಫೀಸೂ ಇದೆ. ಹಳೇ ನಂಬರಿನ ಪ್ರಕಾರ ಶಿಡ್ಲಘಟ್ಟ 57 ಜಿ/15, ಪಕ್ಕದ 57 ಜಿ/11ರಲ್ಲಿ ನಂದಿ, ಚಿಕ್ಕಬಳ್ಳಾಪುರ. ಹೊಸ ಶೀಟಿಗೆ ಬೇರೆ ನಂಬರು, 78 ಡಿಗ್ರಿ ರೇಖಾಂಶದ ಪಶ್ಚಿಮಕ್ಕಿರೋವು ಡಿ43, ಪೂರ್ವಕ್ಕಿರೋವು ಡಿ44, ಆ ಗೆರೆ ಮಾಲೂರಿಗೂ ಕೋಲಾರಕ್ಕೂ ಮಧ್ಯೆ ಹಾದು ಹೋಗುತ್ತೆ. ಇದರ ಅಪಾಯ ಅಂದ್ರೆ ಶೀಟು ತುಂಬಾ ಗಿಜಿಗಿಜಿ, ಮೊದಲ ದಿನವೇ ಪೂರ್ತಿ ಬಿಚ್ಚಿಟ್ರೆ ಮಗು ಹೆದರುತ್ತೆ. ಒಂದೇ ಒಂದು ಚೌಕದಲ್ಲಿ ಏನೇನಿದೆ ಹುಡುಕು ಅಂತ ಶುರು ಮಾಡಿಸಿ, ಆಮೇಲೆ ಆ ಜಾಗಕ್ಕೇ ಕರ್ಕೊಂಡು ಹೋಗಿ. ಗ್ರಾಮ ನಕ್ಷೆ ಇನ್ನೂ ಸುಲಭ, ತಾತನ ಹೊಲದ ಸರ್ವೆ ನಂಬರ್ ಹುಡುಕಿಸಿ, ನಿಂತ ಜಾಗದ ಸರ್ವೆ ನಂಬರ್ ತೋರಿಸೋ ದಿಶಾಂಕ್ ಆ್ಯಪಲ್ಲಿ ಹೊಲದಲ್ಲೇ ನಿಂತು ತಾಳೆ ನೋಡ್ಬಹುದು. ಆದ್ರೆ ಅದು ಕಲಿಯೋಕೆ ಮಾತ್ರ, ಅದನ್ನ ನೋಡ್ಕೊಂಡು ಪಕ್ಕದವರ ಹತ್ರ ಬದುವಿನ ಮಾತು ಎತ್ತಬೇಡಿ, ಹದ್ದುಬಸ್ತು ಮಾಡೋದು ಸರ್ವೆಯರ್ ಕೆಲಸ.

ಪಿಯು ವಿಷಯ. ಮ್ಯಾಪ್ ಓದೋದು ಕಷ್ಟ ಅನ್ನೋ ಒಂದೇ ಕಾರಣಕ್ಕೆ ಭೂಗೋಳ ಬಿಡಬೇಡಿ, ಲೆಕ್ಕ ಬರೋ ಮಗುಗೆ ಅದು ಒಗ್ಗುತ್ತೆ, ಮುಂದೆ ಜಿಐಎಸ್, ಅಂದ್ರೆ ಕಂಪ್ಯೂಟರಲ್ಲಿ ಮ್ಯಾಪ್ ಮಾಡೋ ಕೆಲಸಕ್ಕೂ ಕೆಎಎಸ್ ಐಎಎಸ್ ಪರೀಕ್ಷೆಗೂ ಉಪಯೋಗ. ಇಂಗ್ಲಿಷ್ ಮೀಡಿಯಂಗೆ ಹೋಗೋದಾದ್ರೆ ಈಗಿಂದಲೇ ಎರಡೂ ಹೆಸರು ಒಟ್ಟಿಗೆ ಬರೆದಿಟ್ಕೊಳ್ಳಲಿ, ಸಮೋನ್ನತ ರೇಖೆ ಅಂದ ಕಡೆ ಪಕ್ಕದಲ್ಲೇ ಕಾಂಟೂರ್ ಅಂತ. ಎಲ್ಲಾ ಕಾಲೇಜಲ್ಲೂ ಭೂಗೋಳ ಇರಲ್ಲ, ಇದ್ರೂ ಕೆಲವು ಕಡೆ ಪ್ರಾಕ್ಟಿಕಲ್ ಅಂದ್ರೆ ರೆಕಾರ್ಡ್ ನೋಡಿ ಕಾಪಿ ಮಾಡೋದು ಅಷ್ಟೇ ಆಗಿರುತ್ತೆ. ಅಡ್ಮಿಷನ್‌ಗೆ ಹೋದಾಗ ಲ್ಯಾಬಲ್ಲಿ ಪೂರ್ತಿ ಅಳತೆಯ ಟೋಪೋಶೀಟು ಇದ್ಯಾ, ಮಕ್ಕಳ ಕೈಗೆ ಕೊಡ್ತೀರಾ ಅಂತ ಕೇಳಿ, ತೋರಿಸಿ ಅಂತಾನೂ ಕೇಳಿ. ಶೀಟು ತಂದು ಟೇಬಲ್ ಮೇಲೆ ಹಾಸಿದ್ರೆ ಅಲ್ಲೇ ಸೇರಿಸಿ.